ಗುರುವಿನ ಬೆರಳು, ಶಿಷ್ಯನ ವಿಮಾನ

ತಿಂಗಳುಗಟ್ಟಲೆ ಕುಳಿತು ಬಾಲ್ಸಾ ಮರದಲ್ಲಿ ಕಟ್ಟಿದ ಮಾದರಿ ವಿಮಾನ ಹೊಸಬನ ಕೈಯಲ್ಲಿ ನೆಲಕ್ಕಪ್ಪಳಿಸಲು ಕ್ಷಣ ಸಾಕು. ವಿಮಾನ ತನ್ನತ್ತ ಬರುವಾಗ ಎಡಬಲ ಅದಲುಬದಲಾಗುವುದೇ ಅವನಿಗೆ ದೊಡ್ಡ ತೊಡಕು.

ನಿಜವಾದ ವಿಮಾನಗಳಲ್ಲಿ ಇದಕ್ಕೆ ಮದ್ದು ಮೊದಲೇ ಸಿಕ್ಕಿತ್ತು. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ, ಗುರುಶಿಷ್ಯರಿಬ್ಬರಿಗೂ ಚಾಲನಾ ಸಾಧನಗಳಿದ್ದ ಆವ್ರೋ 504 ವಿಮಾನಗಳಲ್ಲಿ ತರಬೇತಿಗೆ ಹೊಸ ರೂಪ ಕೊಟ್ಟರು.

1930ರ ದಶಕದ ಕೊನೆಗೆ ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಮತ್ತು ವಿಲಿಯಂ ಗುಡ್ 'ಗಫ್' ಎಂಬ ಮಾದರಿಯನ್ನು ರೇಡಿಯೊ ನಿಯಂತ್ರಣದಲ್ಲಿ ಹಾರಿಸಿದರು. ಆದರೆ ಮಾದರಿ ವಿಮಾನದಲ್ಲಿ ಗುರು ಕೂರುವುದೆಲ್ಲಿ? ಪಕ್ಕದಲ್ಲಿ ನಿಂತವನು ಶಿಷ್ಯನ ಕೈಯಿಂದ ಟ್ರಾನ್ಸ್‌ಮಿಟರ್ ಕಸಿದುಕೊಳ್ಳುವಷ್ಟರಲ್ಲಿ ವಿಮಾನ ಬಿದ್ದಿರುತ್ತಿತ್ತು.

ಮುಂದೆ ಉತ್ತರ ನೆಲದ ಮೇಲೆಯೇ ದೊರೆಯಿತು: ಎರಡು ಟ್ರಾನ್ಸ್‌ಮಿಟರ್‌ಗಳ ನಡುವೆ ಒಂದು ತಂತಿ. ಶಿಷ್ಯನ ಆಜ್ಞೆಗಳು ತಂತಿಯಲ್ಲಿ ಹರಿದು, ಗುರುವಿನ ಟ್ರಾನ್ಸ್‌ಮಿಟರ್ ಮೂಲಕ ವಿಮಾನವನ್ನು ಸೇರುತ್ತವೆ. ಗುರು ಸ್ವಿಚ್ ಹಿಡಿದಿರುವಷ್ಟು ಹೊತ್ತು ಶಿಷ್ಯನೇ ಚಾಲಕ. ಬಿಟ್ಟೊಡನೆ ಹತೋಟಿ ಗುರುವಿಗೆ. 2.4 ಗಿಗಾಹರ್ಟ್ಸ್ ರೇಡಿಯೊಗಳು ಬಂದ ಮೇಲೆ ಅನೇಕ ಸಾಧನಗಳಲ್ಲಿ ತಂತಿಯ ಅಗತ್ಯವೂ ಉಳಿದಿಲ್ಲ.

ಶಿಷ್ಯ ತಪ್ಪಿದಾಗ ಸ್ವಿಚ್ ಬಿಡುವುದು ಸುಲಭ. ಅವನೇ ತಿದ್ದಿಕೊಳ್ಳಲೆಂದು ಎಷ್ಟು ಹೊತ್ತು ಬಿಡದೆ ಕಾಯಬೇಕು ಎಂಬುದರಲ್ಲೇ ಗುರುವಿನ ವಿದ್ಯೆಯಿದೆ.