ಸೊಂಟದ ಕೀಲು ಬದಲಾವಣೆ: ಇಂಪ್ಲಾಂಟ್ ಸೈಜಿಗೂ ನಡಿಗೆಗೂ ಏನು ಸಂಬಂಧ?

ವ್ಯಾಪಾರಕ್ಕೆಂದು ಗೋವಾಕ್ಕೆ ಬಂದ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಲ್ಲಿ ಈಗ ವಯಸ್ಸಾದವರೂ ಇದ್ದಾರೆ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆಯ ಕತ್ತು ಮುರಿದರೆ ಅಥವಾ ಸೊಂಟದ ಕೀಲು ಸವೆದರೆ ಡಾಕ್ಟರ್ 'ಹಿಪ್ ರಿಪ್ಲೇಸ್‌ಮೆಂಟ್' ಹೇಳುತ್ತಾರೆ. ಆಗ ಮನೆಯವರ ಪ್ರಶ್ನೆ ಒಂದೇ: "ದೊಡ್ಡ ಸೈಜ್ ಹಾಕಿಸಿದ್ರೆ ಉಮ್ಮ ಬೇಗ ನಡೀತಾರಾ?"

ಇಲ್ಲ. ದೊಡ್ಡದು ಅಂದರೆ ಒಳ್ಳೆಯದು ಅಂತಲ್ಲ. ಮೂಳೆಗೆ ಸರಿಹೊಂದಬೇಕು, ಅಷ್ಟೇ.

ಬಾಲ್‌ನ ಅಳತೆ

ಇಂಪ್ಲಾಂಟ್‌ನಲ್ಲಿ ಮೂಳೆಯೊಳಗೆ ಇಳಿಯುವ ಸ್ಟೆಮ್, ಅದರ ಮೇಲೆ ಬಾಲ್, ಬಾಲ್ ತಿರುಗುವ ಕಪ್ ಮತ್ತು ಲೈನರ್ ಇರುತ್ತವೆ. 1962ರಲ್ಲಿ ಇಂಗ್ಲೆಂಡಿನ ಡಾ. ಜಾನ್ ಚಾರ್ನ್ಲಿ ಬಳಸಿದ ಬಾಲ್ ಸುಮಾರು 22 ಮಿ.ಮೀ. ಇತ್ತು. ಈಗ 28, 32, 36 ಮಿ.ಮೀ. ಸಾಮಾನ್ಯ. ಬಾಲ್ ದೊಡ್ಡದಾದರೆ ಕೀಲು ಜಾರುವ ಭಯ ಕಡಿಮೆ. ನಡಿಗೆಯ ವೇಗ ಮಾತ್ರ ಅದರಿಂದ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಕಪ್ ಚಿಕ್ಕದಿದ್ದು ಬಾಲ್ ದೊಡ್ಡದಾದರೆ ಲೈನರ್ ತೆಳುವಾಗುತ್ತದೆ.

ಲೋಹದ ಕಪ್ಪಿನಲ್ಲಿ ಲೋಹದ ದೊಡ್ಡ ಬಾಲ್ ತಿರುಗುವ ಡೆಪ್ಯೂ ಕಂಪನಿಯ ಎಎಸ್‌ಆರ್ ಇಂಪ್ಲಾಂಟ್‌ಗಳನ್ನು 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಲಾಯಿತು. ಭಾರತದ ರೋಗಿಗಳೂ ತೊಂದರೆಗೊಳಗಾಗಿ, ಪರಿಹಾರದ ವಿಷಯ ಸರ್ಕಾರದವರೆಗೆ ಹೋಯಿತು.

ನಡಿಗೆ ಕೆಡುವುದು ಎಲ್ಲಿ?

ಸ್ಟೆಮ್ ಚಿಕ್ಕದಾದರೆ ಮೂಳೆಯೊಳಗೆ ಕುಸಿದು ಸಡಿಲವಾಗಬಹುದು, ತೊಡೆ ನೋಯಬಹುದು. ಬಿಗಿಯಾಗಿ ದೊಡ್ಡದು ಕೂರಿಸಿದರೆ ಮೂಳೆ ಬಿರುಕು ಬಿಡಬಹುದು. ಅಳತೆ ತಪ್ಪಿದರೆ ಕಾಲು ಉದ್ದ-ಗಿಡ್ಡ ಆಗುತ್ತದೆ. 1 ಸೆಂ.ಮೀ. ಒಳಗಿನ ವ್ಯತ್ಯಾಸಕ್ಕೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಕೀಲಿನಿಂದ ತೊಡೆಮೂಳೆ ಎಷ್ಟು ಹೊರಗಿದೆ ಎಂಬ ಅಳತೆಗೆ 'ಆಫ್‌ಸೆಟ್' ಅನ್ನುತ್ತಾರೆ. ಅದು ಕಡಿಮೆಯಾದರೆ ಸೊಂಟದ ಪಕ್ಕದ ಸ್ನಾಯುವಿಗೆ ಬಲ ಸಾಲದೆ ಕುಂಟು ಬರುತ್ತದೆ. ಇದಕ್ಕೇ ಆಪರೇಷನ್‌ಗೆ ಮೊದಲು ಎಕ್ಸ್‌ರೇ ಮೇಲೆ ಅಳತೆ ಹಾಕುತ್ತಾರೆ.

ಮೊದಲ ಕೆಲವು ವಾರ ಕಾಲು ಉದ್ದವಾದಂತೆ ಅನಿಸುವುದು ಸಹಜ, ಗಾಬರಿ ಬೇಡ.

ಆಪರೇಷನ್ ನಂತರ

ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ವಾಕರ್ ಹಿಡಿದು ನಿಲ್ಲಿಸುತ್ತಾರೆ. ಆಮೇಲೆ ಕೋಲು, ಮತ್ತೆ ಆಸರೆಯಿಲ್ಲದ ನಡಿಗೆ. ಹಲವರಿಗೆ ಇದಕ್ಕೆ 6ರಿಂದ 12 ವಾರ ಬೇಕು. ವಯಸ್ಸು, ಶುಗರ್, ತೂಕ, ಮುಖ್ಯವಾಗಿ ದಿನಾ ಮಾಡುವ ವ್ಯಾಯಾಮ, ಇವು ಬಾಲ್‌ನ ಸೈಜಿಗಿಂತ ಹೆಚ್ಚು ಲೆಕ್ಕಕ್ಕೆ ಬರುತ್ತವೆ.

ಕೀಲಿನ ಹಿಂಬದಿಯಿಂದ ಆಪರೇಷನ್ ಆಗಿದ್ದರೆ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬೇಡಿ ಅನ್ನುತ್ತಾರೆ. ನೆಲದ ಮೇಲೆ ಕೂರುವುದು, ಇಂಡಿಯನ್ ಟಾಯ್ಲೆಟ್ ಬೇಡ. ನಮಾಝ್ ಕುರ್ಚಿಯಲ್ಲೇ ಕೂತು ಮಾಡಲಿ. ಸುಜೂದ್‌ಗೆ ಯಾವಾಗ ಬಗ್ಗಬಹುದು ಎಂದು ಡಾಕ್ಟರನ್ನೇ ಕೇಳಿ.

ಗೋವಾದಲ್ಲಿರುವವರಿಗೆ

ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಇಲ್ಲಿನ ದೊಡ್ಡ ಸರ್ಕಾರಿ ಆಸ್ಪತ್ರೆ. 5 ವರ್ಷ ಇಲ್ಲಿ ವಾಸವಿದ್ದವರಿಗೆ 2016ರಲ್ಲಿ ಶುರುವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಇದೆ. ಕಾರ್ಡ್ ಮೊದಲೇ ಮಾಡಿಸಿ, ಇಂಪ್ಲಾಂಟ್ ಖರ್ಚು ಅದರಲ್ಲಿ ಬರುತ್ತದೋ ಕೇಳಿ ನೋಡಿ.

ಕೊನೆಗೆ ವ್ಯಾಪಾರಿಯ ಮಾತು ಒಂದು: ಬಿಲ್ ತಗೊಂಡಂತೆ ಇಂಪ್ಲಾಂಟ್‌ನ ಸ್ಟಿಕ್ಕರನ್ನೂ ಕೇಳಿ ತಗೊಳ್ಳಿ. ಕಂಪನಿ, ಸೈಜ್, ಲಾಟ್ ನಂಬರ್ ಅದರಲ್ಲಿರುತ್ತದೆ. ಹತ್ತು ವರ್ಷದ ನಂತರ ಏನಾದರೂ ಆದರೆ ಅದೇ ನಿಮ್ಮ ದಾಖಲೆ.