ಸಂಪಾದಕನಿಗೆ ಅಧ್ಯಕ್ಷನ ಉತ್ತರ: ಲಿಂಕನ್–ಗ್ರೀಲಿ ಪ್ರಕರಣದ ಮರುಓದು

ಅಮೆರಿಕದ ಅಂತರ್ಯುದ್ಧದ ನಡುವೆ, 1862ರ ಆಗಸ್ಟ್ 20ರಂದು, ‘ನ್ಯೂಯಾರ್ಕ್ ಟ್ರಿಬ್ಯೂನ್’ ಸಂಪಾದಕ ಹೊರೇಸ್ ಗ್ರೀಲಿ ಅಧ್ಯಕ್ಷ ಅಬ್ರಹಾಂ ಲಿಂಕನ್‌ಗೆ ಬಹಿರಂಗ ಪತ್ರವೊಂದನ್ನು ಅಚ್ಚುಹಾಕಿದ. ಅದಕ್ಕೆ ಅವನು ಕೊಟ್ಟ ತಲೆಬರಹ ‘ಎರಡು ಕೋಟಿ ಜನರ ಪ್ರಾರ್ಥನೆ’. ದಂಗೆಯೆದ್ದ ಮಾಲೀಕರ ಗುಲಾಮರಿಗೆ ಬಿಡುಗಡೆ ಕೊಡುವ ಕಾನೂನನ್ನು ಕಾಂಗ್ರೆಸ್ ಜುಲೈನಲ್ಲೇ ಮಾಡಿದೆ; ಜಾರಿಗೆ ತರಲು ಅಧ್ಯಕ್ಷ ಏಕೆ ಮೀನಮೇಷ ಎಣಿಸುತ್ತಿದ್ದಾನೆ ಎಂಬುದು ಅವನ ತಕರಾರು.

ಎರಡೇ ದಿನದಲ್ಲಿ ಲಿಂಕನ್ ಉತ್ತರ ಬರೆದ. ಒಕ್ಕೂಟವನ್ನು ಉಳಿಸುವುದೇ ತನ್ನ ಗುರಿ. ಅದಕ್ಕಾಗಿ ಯಾವ ಗುಲಾಮನನ್ನೂ ಬಿಡಿಸದೆ ಇರಬಹುದು, ಎಲ್ಲರನ್ನೂ ಬಿಡಿಸಬಹುದು, ಇಲ್ಲವೇ ಕೆಲವರನ್ನು ಬಿಡಿಸಿ ಉಳಿದವರನ್ನು ಹಾಗೇ ಬಿಡಬಹುದು ಎಂದು ಮೂರು ದಾರಿಗಳನ್ನು ಮುಂದಿಟ್ಟ. ಗುಲಾಮಗಿರಿಯ ಬಗ್ಗೆ ಲಿಂಕನ್‌ಗಿದ್ದ ಉದಾಸೀನಕ್ಕೆ ಈ ಪತ್ರವನ್ನು ಸಾಕ್ಷಿಯಾಗಿ ಹಿಡಿಯುವವರು ಇಂದಿಗೂ ಇದ್ದಾರೆ. ಪತ್ರದ ಒಕ್ಕಣೆಯ ಜೊತೆಗೆ ಅದು ಹೊರಬಂದ ಹೊತ್ತು ಮತ್ತು ಅಚ್ಚಾದ ಜಾಗಗಳನ್ನೂ ಗಮನಿಸಿದರೆ ಈ ಓದು ನಿಲ್ಲುವುದಿಲ್ಲ.

ಮೊದಲು ಹೊತ್ತು. ಗ್ರೀಲಿಯ ಪತ್ರಕ್ಕೆ ಒಂದು ತಿಂಗಳು ಮೊದಲೇ, ಜುಲೈ 22ರಂದು, ವಿಮೋಚನಾ ಘೋಷಣೆಯ ಕರಡನ್ನು ಲಿಂಕನ್ ತನ್ನ ಸಚಿವ ಸಂಪುಟಕ್ಕೆ ಓದಿ ಹೇಳಿದ್ದ. ಸೋಲಿನ ನಡುವೆ ಹೊರಡಿಸಿದರೆ ದಿಕ್ಕೆಟ್ಟ ಸರ್ಕಾರದ ಕೂಗಿನಂತೆ ಕೇಳಿಸೀತು, ರಣರಂಗದಲ್ಲಿ ಒಂದು ಗೆಲುವು ಸಿಗಲಿ ಎಂದು ವಿದೇಶಾಂಗ ಸಚಿವ ವಿಲಿಯಂ ಸೀವರ್ಡ್ ತಡೆದ. ಕರಡು ಬದಿಗೆ ಹೋಯಿತು. ಸಂಪಾದಕ ಕೇಳುತ್ತಿದ್ದ ನಿರ್ಧಾರ ಆಗಲೇ ಆಗಿತ್ತು.

ಇನ್ನು ಜಾಗ. ಉತ್ತರ ಆಗಸ್ಟ್ 23ರಂದು ಅಚ್ಚಾದದ್ದು ವಾಷಿಂಗ್ಟನ್ನಿನ ‘ನ್ಯಾಷನಲ್ ಇಂಟೆಲಿಜೆನ್ಸರ್’ನಲ್ಲಿ. ವಿಮೋಚನೆಯ ಮಾತೆತ್ತಿದರೆ ಹುಬ್ಬು ಗಂಟಿಕ್ಕುವ, ಆದರೆ ಒಕ್ಕೂಟಕ್ಕೆ ನಿಷ್ಠರಾದ ಸಂಪ್ರದಾಯಸ್ಥರ ಪತ್ರಿಕೆ ಅದು. ಗ್ರೀಲಿಯ ಹೆಸರಿಗೆ ಬರೆದ ಪತ್ರವನ್ನು ಲಿಂಕನ್ ಓದಿಸಬೇಕಿದ್ದದ್ದು ಇಂಥವರಿಗೆ. ಒಡೆದ ಮೊಟ್ಟೆ ಮತ್ತೆ ಕೂಡುವುದಿಲ್ಲ ಎಂಬರ್ಥದ ಮಾತೊಂದು ಹಸ್ತಪ್ರತಿಯಲ್ಲಿತ್ತು. ಅಧ್ಯಕ್ಷನ ಘನತೆಗೆ ಅದು ತಕ್ಕುದಲ್ಲ ಎಂದು ಪತ್ರಿಕೆಯ ಜೇಮ್ಸ್ ವೆಲಿಂಗ್ ಆಕ್ಷೇಪಿಸಿದಾಗ ಲಿಂಕನ್ ಒಲ್ಲದ ಮನಸ್ಸಿನಿಂದಲೇ ಒಪ್ಪಿದ. ಆ ಸಾಲಿಗೆ ಕಾಟು ಬಿತ್ತು.

ಪತ್ರಿಕೆಗಳ ಒಳಹೊರಗು ಲಿಂಕನ್‌ಗೆ ಹೊಸದಾಗಿರಲಿಲ್ಲ. ಜರ್ಮನ್ ವಲಸಿಗರ ಮತಗಳ ಮೇಲೆ ಕಣ್ಣಿಟ್ಟು 1859ರ ಮೇ ತಿಂಗಳಲ್ಲಿ ಅವನು ಸ್ಪ್ರಿಂಗ್‌ಫೀಲ್ಡ್‌ನ ‘ಇಲಿನಾಯ್ ಸ್ಟಾಟ್ಸ್ ಆನ್‌ತ್ಸೈಗರ್’ ಎಂಬ ಜರ್ಮನ್ ಪತ್ರಿಕೆಯನ್ನು ಗುಟ್ಟಾಗಿ ಕೊಂಡಿದ್ದ. ರಿಪಬ್ಲಿಕನ್ ಪಕ್ಷದ ನಿಲುವಿಗೆ ವಿರುದ್ಧವಾಗಿ ಏನೂ ಅಚ್ಚಾಗಕೂಡದೆಂಬುದು ಕರಾರು. ಅಧ್ಯಕ್ಷನಾದ ಮೇಲೆ ಅದರ ಸಂಪಾದಕ ಥಿಯೊಡೋರ್ ಕನೀಸಿಯಸ್‌ನನ್ನು ವಿಯೆನ್ನಾಕ್ಕೆ ಕಾನ್ಸಲ್ ಆಗಿ ಕಳಿಸಿದ.

ಈ ಜಾಣತನಕ್ಕೆ ಇನ್ನೊಂದು ಮುಖವೂ ಉಂಟು. 1862ರ ಆಗಸ್ಟ್ 14ರಂದು ಕಪ್ಪು ಜನರ ನಿಯೋಗವೊಂದನ್ನು ಶ್ವೇತಭವನಕ್ಕೆ ಕರೆಸಿದ ಲಿಂಕನ್, ಎರಡೂ ಜನಾಂಗಗಳು ಬೇರೆಯಾಗುವುದೇ ಒಳಿತೆಂದು ಹೇಳಿ, ದೇಶ ಬಿಟ್ಟು ಬೇರೆಡೆ ನೆಲೆಸಲು ಪ್ರೇರೇಪಿಸಿದ. ಆ ಮಾತುಗಳೆಲ್ಲ ಪತ್ರಿಕೆಗಳಲ್ಲಿ ಅಚ್ಚಾದವು. ಬಿಳಿಯ ಓದುಗರ ದಿಗಿಲು ಕಳೆಯಲು ಅದೂ ಒಂದು ಪೀಠಿಕೆ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಗುಲಾಮಗಿರಿಯಿಂದ ಪಾರಾಗಿ ಬಂದು ಸಂಪಾದಕನಾಗಿದ್ದ ಫ್ರೆಡರಿಕ್ ಡಗ್ಲಾಸ್‌ಗೆ ಆ ಮಾತುಗಳು ಒಪ್ಪಿಗೆಯಾಗಲಿಲ್ಲ. ತನ್ನ ಪತ್ರಿಕೆಯ ಸೆಪ್ಟೆಂಬರ್ ಸಂಚಿಕೆಯಲ್ಲಿ ಅವನು ಅಧ್ಯಕ್ಷನನ್ನು ಕಟುವಾಗಿ ಟೀಕಿಸಿದ. ಒಂದು ಓದುಗವರ್ಗವನ್ನು ಒಲಿಸಲು ಆಡಿದ ಮಾತು ಇನ್ನೊಂದು ವರ್ಗದ ಎದೆಗೆ ನಾಟಿತ್ತು.

ಸೀವರ್ಡ್ ಬಯಸಿದ್ದ ಗೆಲುವು ಸೆಪ್ಟೆಂಬರ್ 17ರ ಆಂಟೀಟಮ್ ಕದನದಲ್ಲಿ ಸಿಕ್ಕ ನಂತರ, 22ರಂದು ಪ್ರಾಥಮಿಕ ಘೋಷಣೆ ಹೊರಬಿತ್ತು. 1863ರ ಜನವರಿ 1ರಂದು ಅಂತಿಮ ಘೋಷಣೆ. ಅದು ಗ್ರೀಲಿಗೆ ಬರೆದ ಪತ್ರದ ಮೂರನೆಯ ದಾರಿಯೇ: ದಂಗೆಯೆದ್ದ ಪ್ರದೇಶಗಳಲ್ಲಿ ಬಿಡುಗಡೆ, ಒಕ್ಕೂಟದಲ್ಲೇ ಉಳಿದ ಗುಲಾಮ ರಾಜ್ಯಗಳಲ್ಲಿ ಯಥಾಸ್ಥಿತಿ. ಹಾಗಾಗಿ ಆ ಪತ್ರವನ್ನು ಮುಂಬರುವ ನೀತಿಯ ಮುನ್ಸೂಚನೆಯೆಂದೂ ಅದರ ಮಿತಿಯ ದಾಖಲೆಯೆಂದೂ ಒಟ್ಟಿಗೆ ಓದಬೇಕಾಗುತ್ತದೆ. ಮೇರಿಲ್ಯಾಂಡ್ ಮತ್ತು ಮಿಸೌರಿ ಯುದ್ಧ ಮುಗಿಯುವ ಮೊದಲೇ ತಾವಾಗಿ ಗುಲಾಮಗಿರಿಯನ್ನು ರದ್ದು ಮಾಡಿದವು. ಕೆಂಟಕಿ ಮತ್ತು ಡೆಲಾವೇರ್‌ಗಳಲ್ಲಿ ಅದು ಕಾನೂನಿನ ಪ್ರಕಾರ ಕೊನೆಗೊಂಡದ್ದು 1865ರ ಡಿಸೆಂಬರ್‌ನಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ.