ಲಾರಿ ಸಂಸ್ಥೆಯ ದಾಖಲೆ: ಸರಕು ಒಪ್ಪಿಸುವ ಮುನ್ನ ಪರಿಶೀಲಿಸುವ ಬಗೆ

ಮನೆ ಬದಲಿಸುವ ಕುಟುಂಬವಾಗಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಮಾಲು ಕಳುಹಿಸುವ ವರ್ತಕರಾಗಲಿ, ಲಾರಿ ಗೊತ್ತುಮಾಡುವಾಗ ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಬಾಡಿಗೆಯನ್ನು. ದಾಖಲೆಗಳ ನೆನಪಾಗುವುದು ಸರಕು ಕಾಣೆಯಾದಾಗ ಅಥವಾ ಅಪಘಾತ ಸಂಭವಿಸಿದಾಗ. ಆ ವೇಳೆಗೆ ಲಾರಿಯ ಅರ್ಹತಾ ಪತ್ರದ ಅವಧಿ ಮುಗಿದಿತ್ತು, ಸಂಸ್ಥೆಗೆ ನೋಂದಣಿಯೇ ಇರಲಿಲ್ಲ ಎಂಬ ಸಂಗತಿ ತಿಳಿದುಬಂದರೆ ಪರಿಹಾರದ ಹಾದಿ ದುರ್ಗಮವಾಗುತ್ತದೆ. ಬೇಕಾದ ಮಾಹಿತಿಯ ಬಹುಭಾಗ ಇಂದು ಸಾರ್ವಜನಿಕರಿಗೆ ಲಭ್ಯವಿದೆ. ಅದನ್ನು ಎಲ್ಲಿ, ಹೇಗೆ ನೋಡಬೇಕೆಂಬ ವಿವರ ಇಲ್ಲಿದೆ.

ಸಂಸ್ಥೆಯ ನೋಂದಣಿ

1865ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಜಾರಿಗೆ ಬಂದ 2007ರ ರಸ್ತೆ ಮೂಲಕ ಸರಕು ಸಾಗಣೆ ಕಾಯಿದೆಯ ಪ್ರಕಾರ, ಎಲ್ಲರಿಂದಲೂ ಬಾಡಿಗೆಗೆ ಸರಕು ಪಡೆದು ಸಾಗಿಸುವವರು ನೋಂದಣಿ ಮಾಡಿಸಿಕೊಳ್ಳುವುದು ಕಡ್ಡಾಯ. ಲಾರಿ ಮಾಲೀಕರಷ್ಟೇ ಅಲ್ಲ, ಬುಕಿಂಗ್ ಕಚೇರಿ, ಗುತ್ತಿಗೆದಾರರು, ದಲ್ಲಾಳಿಗಳು ಹಾಗೂ ಕೊರಿಯರ್ ಸಂಸ್ಥೆಗಳೂ ಇದರ ವ್ಯಾಪ್ತಿಗೆ ಬರುತ್ತಾರೆ. ರಾಜ್ಯ ಅಥವಾ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ನೀಡುವ ಈ ಪ್ರಮಾಣಪತ್ರಕ್ಕೆ ಹತ್ತು ವರ್ಷಗಳ ಅವಧಿಯಿದೆ. ಅದರ ಪ್ರತಿಯನ್ನು ಕೇಳಿ ಪಡೆಯುವುದು ಪರಿಶೀಲನೆಯ ಮೊದಲ ಹಂತ.

ಎರಡನೆಯದು ಜಿ.ಎಸ್.ಟಿ. ಸಂಖ್ಯೆ. ಹದಿನೈದು ಅಕ್ಷರ-ಅಂಕಿಗಳ ಈ ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನೂ (ಕರ್ನಾಟಕಕ್ಕೆ 29), ನಂತರದ ಹತ್ತು ಪ್ಯಾನ್ ಸಂಖ್ಯೆಯನ್ನೂ ಸೂಚಿಸುತ್ತವೆ. ಜಿ.ಎಸ್.ಟಿ. ಜಾಲತಾಣದಲ್ಲಿ ಇದನ್ನು ನಮೂದಿಸಿದರೆ ಸಂಸ್ಥೆಯ ಅಧಿಕೃತ ಹೆಸರು, ನೋಂದಣಿಯ ದಿನಾಂಕ, ನೋಂದಣಿ ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದು ತಿಳಿಯುತ್ತದೆ. ಫಲಕದ ಮೇಲಿನ ಹೆಸರಿಗೂ ಇಲ್ಲಿ ಕಾಣುವ ಹೆಸರಿಗೂ ತಾಳೆಯಾಗದಿದ್ದಲ್ಲಿ ಕಾರಣ ಕೇಳಬೇಕು. ಖಾಸಗಿ ನಿಯಮಿತ ಕಂಪೆನಿಯಾದರೆ ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣವನ್ನೂ ನೋಡಬಹುದು.

ತಾವು ‘ಐ.ಬಿ.ಎ. ಮಾನ್ಯತೆ’ ಪಡೆದವರೆಂದು ಹಲವು ಸಂಸ್ಥೆಗಳು ಜಾಹೀರಾತು ನೀಡುತ್ತವೆ. ಭಾರತೀಯ ಬ್ಯಾಂಕುಗಳ ಸಂಘವು ಶಿಫಾರಸು ಮಾಡುವ ಸಾಗಣೆದಾರರ ಪಟ್ಟಿಯೊಂದಿದ್ದು, ಬ್ಯಾಂಕುಗಳು ಲಾರಿ ರಶೀದಿಯನ್ನು ಅಂಗೀಕರಿಸುವಾಗ ಅದನ್ನು ಗಮನಿಸುತ್ತವೆ. ಜಾಹೀರಾತನ್ನು ನಂಬುವ ಬದಲು ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡುವುದು ಒಳಿತು.

ಲಾರಿಯ ದಾಖಲೆ

ಲಾರಿಯ ನೋಂದಣಿ ಸಂಖ್ಯೆ ತಿಳಿದಿದ್ದರೆ ಕೇಂದ್ರ ಸಾರಿಗೆ ಸಚಿವಾಲಯದ ‘ಪರಿವಾಹನ್’ ಜಾಲತಾಣ ಅಥವಾ ‘ಎಂ-ಪರಿವಾಹನ್’ ಆ್ಯಪ್ ಮೂಲಕ ನೋಂದಣಿಯ ಸ್ಥಿತಿ, ವಾಹನದ ವರ್ಗ, ಅರ್ಹತಾ ಪತ್ರ, ವಿಮೆ ಹಾಗೂ ಹೊಗೆ ತಪಾಸಣೆಯ ಅವಧಿಯನ್ನು ನೋಡಬಹುದು. ಗೌಪ್ಯತೆಯ ಕಾರಣ ಮಾಲೀಕರ ಹೆಸರು ಪೂರ್ಣವಾಗಿ ಕಾಣುವುದಿಲ್ಲ. ಬಾಕಿ ದಂಡಗಳನ್ನು ತಿಳಿಯಲು ಇ-ಚಲನ್ ಜಾಲತಾಣವಿದೆ. ಒಂದೇ ಲಾರಿಯ ಮೇಲೆ ಅತಿವೇಗ, ಅತಿಭಾರದ ಪ್ರಕರಣಗಳು ಸಾಲುಗಟ್ಟಿದ್ದರೆ ಸಂಸ್ಥೆಯ ಶಿಸ್ತಿನ ಅಂದಾಜು ಸಿಗುತ್ತದೆ.

ಇವುಗಳಲ್ಲಿ ಅತಿ ಮುಖ್ಯವಾದುದು ಅರ್ಹತಾ ಪತ್ರ. 1988ರ ಮೋಟಾರು ವಾಹನ ಕಾಯಿದೆಯ 56ನೇ ಕಲಮಿನ ಪ್ರಕಾರ, ಈ ಪತ್ರವಿಲ್ಲದ ಸಾರಿಗೆ ವಾಹನವನ್ನು ಸಕ್ರಮವಾಗಿ ನೋಂದಣಿಯಾಗಿದೆಯೆಂದು ಪರಿಗಣಿಸುವಂತಿಲ್ಲ. ಎಂಟು ವರ್ಷದವರೆಗಿನ ವಾಹನಗಳಿಗೆ ಎರಡು ವರ್ಷಗಳಿಗೊಮ್ಮೆ, ಅದಕ್ಕಿಂತ ಹಳೆಯವಕ್ಕೆ ವರ್ಷಕ್ಕೊಮ್ಮೆ ಇದನ್ನು ನವೀಕರಿಸಬೇಕು.

ರಹದಾರಿಯೂ ಅಷ್ಟೇ ಮಹತ್ವದ್ದು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ವಾಹನಗಳಿಗೆ ಇದರಿಂದ ವಿನಾಯಿತಿಯಿದೆ. ದೊಡ್ಡ ಲಾರಿಗಳು ರಾಜ್ಯದ ಗಡಿ ದಾಟಬೇಕಾದರೆ ರಾಷ್ಟ್ರೀಯ ರಹದಾರಿಯಂತಹ ಪರವಾನಗಿ ಅಗತ್ಯ. ರಹದಾರಿಯಿಲ್ಲದೆ ಲಾರಿ ಓಡಿಸುವುದು ವಿಮಾ ಕರಾರಿನ ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು. ಅಂತಹ ಸಂದರ್ಭದಲ್ಲಿ ವಿಮಾ ಕಂಪೆನಿಯು ಸಂತ್ರಸ್ತರಿಗೆ ಪರಿಹಾರ ನೀಡಿ, ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದೆಂಬ ಆದೇಶವನ್ನು ಅದು ಎತ್ತಿಹಿಡಿಯಿತು.

ಕಣ್ಣಿಗೆ ಕಾಣುವ ಸುಳಿವೂ ಒಂದಿದೆ. ಬಾಡಿಗೆಗೆ ಓಡುವ ಡೀಸೆಲ್ ಅಥವಾ ಪೆಟ್ರೋಲ್ ವಾಹನದ ಸಂಖ್ಯಾಫಲಕ ಹಳದಿಯಾಗಿದ್ದು, ಅಕ್ಷರಗಳು ಕಪ್ಪಾಗಿರಬೇಕು. ಬಿಳಿ ಫಲಕದ ವಾಹನವನ್ನು ಬಾಡಿಗೆಗೆ ಬಳಸುವಂತಿಲ್ಲ.

ಭಾರದ ಲೆಕ್ಕ

ನೋಂದಣಿ ಪತ್ರದಲ್ಲಿ ಖಾಲಿ ತೂಕ ಮತ್ತು ಒಟ್ಟು ತೂಕ ಎರಡೂ ನಮೂದಾಗಿರುತ್ತವೆ. ಎರಡರ ವ್ಯತ್ಯಾಸವೇ ಹೇರಬಹುದಾದ ಭಾರ. 2018ರಲ್ಲಿ ಕೇಂದ್ರವು ಮಿತಿಯನ್ನು ಹೆಚ್ಚಿಸಿದ ಬಳಿಕ ಎರಡು ಆಕ್ಸಲ್‌ಗಳ, ಆರು ಚಕ್ರದ ಲಾರಿಯ ಗರಿಷ್ಠ ಒಟ್ಟು ತೂಕ 18.5 ಟನ್ ಆಗಿದೆ. ಅಂತಹ ಲಾರಿಯ ಖಾಲಿ ತೂಕ 6.5 ಟನ್ ಇದ್ದು, ಪತ್ರದಲ್ಲಿ ಗರಿಷ್ಠ ಮಿತಿಯೇ ನಮೂದಾಗಿದ್ದರೆ 12 ಟನ್ ಹೇರಬಹುದು. ಅದೇ ಲಾರಿಯಲ್ಲಿ 15 ಟನ್ ಒಯ್ಯುತ್ತೇವೆಂದು ಹೇಳಿ ಬಾಡಿಗೆ ತಗ್ಗಿಸುವವರು ಬ್ರೇಕು, ಟಯರುಗಳ ಸಾಮರ್ಥ್ಯವನ್ನು ಪಣಕ್ಕಿಡುತ್ತಿದ್ದಾರೆಂದೇ ಅರ್ಥ. 2019ರ ತಿದ್ದುಪಡಿಯ ಪ್ರಕಾರ ಅತಿಭಾರಕ್ಕೆ 20,000 ರೂ. ದಂಡವಿದ್ದು, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ. ಸೇರುತ್ತದೆ. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚ ಪ್ರತ್ಯೇಕ.

ದಾಖಲೆಗಳು ಹೇಳದಿರುವುದು

ಅಮೆರಿಕದಲ್ಲಿ ಅಂತರರಾಜ್ಯ ಲಾರಿ ಸಂಸ್ಥೆಗೆ ಸಾರಿಗೆ ಇಲಾಖೆಯ ಸಂಖ್ಯೆಯೊಂದಿರುತ್ತದೆ. ಅದನ್ನು ನಮೂದಿಸಿದರೆ ಇಡೀ ಸಂಸ್ಥೆಯ ವಾಹನಗಳ ಸಂಖ್ಯೆ, ತಪಾಸಣೆ, ಅಪಘಾತಗಳ ವಿವರ ಒಂದೇ ಪುಟದಲ್ಲಿ ದೊರೆಯುತ್ತದೆ. ನಮ್ಮಲ್ಲಿ ಮಾಹಿತಿಯಿರುವುದು ವಾಹನವಾರು. ಅಪಘಾತಗಳ ವಿದ್ಯುನ್ಮಾನ ದಾಖಲೆ ಪೊಲೀಸ್ ಮತ್ತು ಸಾರಿಗೆ ಇಲಾಖೆಗಳ ಬಳಕೆಗೆ ಇದೆಯೇ ಹೊರತು, ಸಂಸ್ಥೆಯ ಹೆಸರಿನಲ್ಲಿ ಗ್ರಾಹಕರು ಹುಡುಕುವಂತಿಲ್ಲ. ಆದುದರಿಂದ ದೊಡ್ಡ ಸಂಸ್ಥೆಯಾದರೂ ತಮ್ಮ ಸರಕು ಹೊರುವ ಲಾರಿಯ ಸಂಖ್ಯೆಯನ್ನೇ ಕೇಳಿ ಪಡೆದು ಪರಿಶೀಲಿಸುವುದು ಅನಿವಾರ್ಯ. ಕೊನೆಯ ಗಳಿಗೆಯಲ್ಲಿ ಬೇರೆ ಲಾರಿ ಬಂದರೆ ಪರಿಶೀಲನೆಯನ್ನು ಪುನಃ ಮಾಡಬೇಕು.

ವಿಮೆ ಮತ್ತು ಹೊಣೆ

ಲಾರಿಗೆ ಮೂರನೇ ವ್ಯಕ್ತಿ ವಿಮೆಯಿದೆ ಎಂದ ಮಾತ್ರಕ್ಕೆ ಒಳಗಿನ ಸರಕಿಗೆ ರಕ್ಷಣೆ ದೊರೆಯದು. ಅದಕ್ಕೆ ಪ್ರತ್ಯೇಕ ಸಾಗಣೆ ವಿಮೆ ಬೇಕು. ಸರಕಿನ ಮೌಲ್ಯವನ್ನು ಹೆಚ್ಚಿನ ಹೊಣೆಗಾರಿಕೆಯ ದರದಲ್ಲಿ ಘೋಷಿಸದಿದ್ದರೆ ಸಾಗಣೆದಾರರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಉದಾಹರಣೆಗೆ, 8,000 ರೂ. ಬಾಡಿಗೆಗೆ ಐದು ಲಕ್ಷ ರೂ. ಮೌಲ್ಯದ ಸಾಮಾನು ಕಳುಹಿಸಿದವರಿಗೆ ಸಿಗಬಹುದಾದುದು ಗರಿಷ್ಠ 80,000 ರೂ. ಮಾತ್ರ. ಇನ್ನೊಂದೆಡೆ, ಸಾಗಣೆದಾರರ ನಿರ್ಲಕ್ಷ್ಯವನ್ನು ಸಾಬೀತುಪಡಿಸುವ ಹೊರೆಯನ್ನು ಕಾಯಿದೆ ಗ್ರಾಹಕರ ಮೇಲೆ ಹೇರಿಲ್ಲ.

ಸರಕಿನ ವಿವರ, ಘೋಷಿತ ಮೌಲ್ಯ ಹಾಗೂ ಲಾರಿಯ ಸಂಖ್ಯೆಯಿರುವ ರಶೀದಿಯನ್ನು ಜೋಪಾನವಾಗಿಡಬೇಕು. ನಷ್ಟವಾದಲ್ಲಿ, ಬುಕಿಂಗ್ ದಿನಾಂಕದಿಂದ 180 ದಿನಗಳೊಳಗೆ ಲಿಖಿತ ನೋಟಿಸು ನೀಡಬೇಕು. ನೋಟಿಸು ನೀಡದವರು ಮೊಕದ್ದಮೆ ಹೂಡುವಂತಿಲ್ಲ. ಈ ಅವಧಿ ಸರಕು ತಲುಪಿದ ದಿನದಿಂದಲ್ಲ, ಬುಕ್ ಮಾಡಿದ ದಿನದಿಂದಲೇ ಆರಂಭವಾಗುತ್ತದೆ.